ಕಷಾಯದ ವಾಸನಾಕಾಲವೂ ನಮ್ಮ ಉಪವಾಸವೂ



ಶ್ರವಣಬೆಳಗೊಳದ ಜೈನ ಮಠದ ಗೋಡೆಗಳ ಮೇಲಿರುವ ಹಳೆಯ ವರ್ಣಚಿತ್ರಗಳನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅವುಗಳ ನಡುವೆ ಒಂದು ಮರವೂ ಅದರ ಬಳಿ ಆರು ಮಂದಿ ಮನುಷ್ಯರೂ ಇರುವ ಚಿತ್ರವುಂಟು. ಷಡ್ಲೇಶ್ಯೆಗಳನ್ನು ತಿಳಿಸುವುದಕ್ಕಾಗಿ ನಮ್ಮ ಆಚಾರ್ಯರು ಹೇಳಿಕೊಂಡು ಬಂದ ದೃಷ್ಟಾಂತವಿದು. ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಪಥಿಕರು ಹಸಿದು ಬಳಲಿ, ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಒಬ್ಬನಿಗೆ ಮರವನ್ನು ಬೇರುಸಹಿತ ಕೀಳಬೇಕೆನಿಸುತ್ತದೆ. ಇನ್ನೊಬ್ಬನಿಗೆ ಬೊಡ್ಡೆಯನ್ನು ಕಡಿಯಬೇಕೆನಿಸುತ್ತದೆ. ಮೂರನೆಯವನಿಗೆ ಕೊಂಬೆ ಸಾಕು, ನಾಲ್ಕನೆಯವನಿಗೆ ರೆಂಬೆ ಸಾಕು. ಐದನೆಯವನು ಹಣ್ಣನ್ನಷ್ಟೇ ಕಿತ್ತುಕೊಳ್ಳೋಣ ಎನ್ನುತ್ತಾನೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣುಗಳನ್ನೇ ಆರಿಸಿಕೊಂಡು ತೃಪ್ತನಾಗುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಬಣ್ಣಗಳು ಹೀಗೆ ಆರು ಮಂದಿಯಲ್ಲಿ ಮೂರ್ತಿವೆತ್ತಿವೆ.

ಪಾಠಶಾಲೆಯ ಮಕ್ಕಳಿಗೆ ಈ ಕಥೆಯನ್ನು ಅಹಿಂಸೆಯ ಪಾಠವೆಂದು ಹೇಳಿಕೊಡುತ್ತೇವೆ, ಅದು ಸರಿಯೇ. ಆದರೆ ವ್ರತೋಪವಾಸಗಳನ್ನು ಆಚರಿಸುವ ನಮಗೆ ಅದರಲ್ಲಿ ಇನ್ನೂ ಒಂದು ಮಾತು ಅಡಗಿದೆ. ಆರು ಮಂದಿಯ ಹಸಿವು ಒಂದೇ. ಕಂಡ ಮರವೂ ಒಂದೇ. ಬೇರೆಯಾದುದು ಆ ಹಸಿವು ಹೊರಬಂದ ರೀತಿ ಮಾತ್ರ. ಹಸಿವಿಗೆ ಆ ರೂಪವನ್ನು ಕೊಟ್ಟದ್ದು ಹೊಟ್ಟೆಯಲ್ಲ, ಅವರವರ ಸ್ವಭಾವ. ಆದುದರಿಂದಲೇ ಮನುಷ್ಯನ ಸ್ವಭಾವವನ್ನು ಅರಿಯಬೇಕಾದರೆ ಅವನು ಉಂಡು ಸುಖವಾಗಿರುವಾಗ ನೋಡಬಾರದು, ಹಸಿದಿರುವಾಗ ನೋಡಬೇಕು.

ದಶಲಕ್ಷಣ ಪರ್ವದ ಉಪವಾಸಗಳು ಮುಗಿದು ಪಾರಣೆಯಾಗುವ ದಿನ ಬೆಳಿಗ್ಗೆ ಬಸದಿಯ ಅಂಗಳದಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತು ನೋಡಿರಿ. ಪೂಜೆ ಇನ್ನೂ ಮುಗಿಯಲಿಲ್ಲವೆಂದು ಒಬ್ಬರು ಪುರೋಹಿತರ ಮೇಲೆ ಸಿಡುಕುತ್ತಾರೆ. ಇನ್ನೊಬ್ಬರು ತಮಗೆ ಇದು ಎಷ್ಟನೆಯ ವರ್ಷದ ನೋಂಪಿಯೆಂಬುದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತಾರೆ. ಮತ್ತೊಬ್ಬರು, "ನನಗೇನೂ ಆಯಾಸವಿಲ್ಲ, ಮೊದಲು ಉಳಿದವರಿಗೆ ಬಡಿಸಿ" ಎನ್ನುತ್ತಾರೆ. ಆದರೆ ಯಾರೂ ಬಂದು ಒತ್ತಾಯ ಮಾಡದೆ ಹೋದರೆ ಅವರ ಮುಖ ಬಾಡುತ್ತದೆ. ಇನ್ನೂ ಒಬ್ಬರು ಈ ವ್ರತದ ಫಲದಿಂದ ಮಗನಿಗೆ ಕೆಲಸ ಸಿಕ್ಕೀತೇ ಎಂದು ಒಳಗೊಳಗೇ ಎಣಿಸುತ್ತಿರುತ್ತಾರೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ನಾಲ್ಕೂ ಅಂಗಳದಲ್ಲಿಯೇ ಸಾಲಾಗಿ ಕುಳಿತಿರುತ್ತವೆ. ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಆ ಸಾಲಿನಲ್ಲಿ ನಾನೂ ಅನೇಕ ವರ್ಷ ಕುಳಿತಿದ್ದೇನೆ. ಎಲ್ಲಿ ಕುಳಿತಿದ್ದೆನೆಂಬುದನ್ನು ಮುಂದೆ ಹೇಳುತ್ತೇನೆ.

ಇವರಲ್ಲಿ ಎಲ್ಲರಿಗಿಂತ ಬೇಗ ಲೋಕದ ಕಣ್ಣಿಗೆ ಬೀಳುವವರು ಸಿಡುಕುವವರು. ಮನಸ್ಸಿನಲ್ಲಿ ಬಂದುದು ಒಡನೆಯೇ ಅವರ ನಾಲಗೆಗೆ ಬರುತ್ತದೆ. ನನ್ನ ಅಕ್ಕ ಇಂಥವಳು. ಅವಳ ಧ್ವನಿ ಕೇರಿಯ ಆ ತುದಿಗೂ ಕೇಳುತ್ತಿತ್ತು. ಅಷ್ಟಮಿ ಚತುರ್ದಶಿಗಳನ್ನು ತಪ್ಪಿಸಿದವಳಲ್ಲ. ಆದರೂ, "ಇವಳ ಉಪವಾಸ ಏನು ಉಪವಾಸ, ಬಾಯಿ ನಿಲ್ಲುವುದಿಲ್ಲವಲ್ಲ" ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಅದಕ್ಕೆ ವಿರುದ್ಧ ಸ್ವಭಾವದವನು. ಎಷ್ಟು ನೋವಾದರೂ ಮಾತಾಡುವವನಲ್ಲ; ಮುಖದ ಗೆರೆಯೂ ಬದಲಾಗದು. "ಶಾಂತಮೂರ್ತಿ" ಎಂದು ನನ್ನನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಕೂಗುವವನು ಕ್ರೋಧಿ, ಸುಮ್ಮನಿರುವವನು ಕ್ಷಮಾವಂತ, ಇದು ಲೋಕದ ಅಳತೆ. ಶಾಸ್ತ್ರದ ಅಳತೆ ಇದೇ ಆಗಿದೆಯೇ ಎಂಬುದನ್ನು ಇಂದು ವಿಚಾರಿಸೋಣ.

ಕರ್ಮಬಂಧವು ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶ ಎಂದು ನಾಲ್ಕು ವಿಧ. ಬೇವಿನ ಸ್ವಭಾವ ಕಹಿ, ಬೆಲ್ಲದ ಸ್ವಭಾವ ಸಿಹಿ ಎಂಬಂತೆ ಕರ್ಮದ ಸ್ವಭಾವವೇ ಪ್ರಕೃತಿ; ಅದು ಎಷ್ಟು ಪ್ರಮಾಣದಲ್ಲಿ ಬಂದು ಸೇರಿತೆಂಬುದು ಪ್ರದೇಶ; ಎಷ್ಟು ಕಾಲ ಉಳಿಯುವುದೆಂಬುದು ಸ್ಥಿತಿ; ಎಷ್ಟು ತೀವ್ರವಾಗಿ ಫಲ ಕೊಡುವುದೆಂಬುದು ಅನುಭಾಗ. ಇವುಗಳಲ್ಲಿ ಪ್ರಕೃತಿ ಪ್ರದೇಶಗಳು ಯೋಗದಿಂದ, ಅಂದರೆ ಮನ ವಚನ ಕಾಯಗಳ ಚಲನೆಯಿಂದ ಆಗುತ್ತವೆ. ಸ್ಥಿತಿ ಅನುಭಾಗಗಳು ಕಷಾಯದಿಂದ ಆಗುತ್ತವೆ. ಸಿದ್ಧಾಂತದ ಈ ಸಣ್ಣ ವಿಭಾಗದಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಕೂಗಾಡುವುದು ವಚನದ ಚಲನೆ. ಕೈ ಬೀಸುವುದು ಕಾಯದ ಚಲನೆ. ಅದರಿಂದ ಕರ್ಮ ಬಂದು ಸೇರುವುದು ನಿಜ. ಆದರೆ ಬಂದುದು ಎಷ್ಟು ಕಾಲ ನಿಲ್ಲಬೇಕೆಂಬುದನ್ನು ನಿರ್ಣಯಿಸುವುದು ಕೂಗಲ್ಲ, ಒಳಗಿನ ಕಷಾಯ. ಕೂಗದೆ ಇರುವವನಲ್ಲಿಯೂ ಅದು ಇರಬಲ್ಲದು, ಕೂಗುವವನಿಗಿಂತ ಹೆಚ್ಚಾಗಿಯೂ ಇರಬಲ್ಲದು.

ಹಾಗೆಂದರೆ ಕೂಗಾಟಕ್ಕೆ ಅಪ್ಪಣೆ ಕೊಟ್ಟಂತಾಯಿತೆಂದು ಯಾರೂ ತಿಳಿಯಬಾರದು. ಬಿರುನುಡಿ ಕೇಳಿದವರ ಪ್ರಾಣಕ್ಕೆ ತಗಲುವ ನೋವು ಹಿಂಸೆಯೇ. ಅಕ್ಕನ ಮಾತಿನಿಂದ ಅವಳ ಸೊಸೆ ಅತ್ತ ದಿನಗಳನ್ನು ನಾನು ಕಂಡಿದ್ದೇನೆ.

ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನಿಗಾಗಿ ಗೊಮ್ಮಟಸಾರವನ್ನು ರಚಿಸಿದರು. ೧೩೫೯ರಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆ ಎಂಬ ವೃತ್ತಿಯನ್ನು ಬರೆದನು. ಆ ಗ್ರಂಥದ ಜೀವಕಾಂಡದಲ್ಲಿ ಕಷಾಯಗಳಿಗೆ ಕೊಟ್ಟಿರುವ ಉಪಮಾನಗಳನ್ನು ನೀವು ಕೇಳಿದ್ದೀರಿ. ಕ್ರೋಧವು ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ ಎಂದು ನಾಲ್ಕು ತರ. ಮಾನವು ಕಲ್ಲು, ಎಲುಬು, ಮರ, ಬೆತ್ತಗಳಂತೆ. ಮಾಯೆಯು ಬಿದಿರಿನ ಬೇರು, ಟಗರಿನ ಕೊಂಬು, ನಡೆಯುವ ಹಸುವಿನ ಗಂಜಲದ ಗೆರೆ, ಕೊನೆಗೆ ಕತ್ತಿಯ ಅಲಗು ಎಳೆದ ಸಣ್ಣ ಗುರುತು. ಲೋಭವು ಕೃಮಿರಾಗದ ಬಣ್ಣ, ಗಾಡಿಯ ಗಾಲಿಯ ಮಸಿ, ಮೈಯ ಕೊಳೆ, ಅರಿಸಿನ ಇವುಗಳ ಕಲೆಗಳಂತೆ.

ಈ ಹದಿನಾರನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಸುಲಭ. ಅವುಗಳ ಜಾಣ್ಮೆಯನ್ನು ನೋಡುವವರು ಕಡಿಮೆ. ನಾಲ್ಕು ಕಷಾಯಗಳನ್ನು ಆಚಾರ್ಯರು ಒಂದೇ ಕೋಲಿನಿಂದ ಅಳೆಯಲಿಲ್ಲ. ಕ್ರೋಧದಲ್ಲಿ ಕೇಳಿದ್ದು, ಗೆರೆ ಎಷ್ಟು ಹೊತ್ತಿಗೆ ಅಳಿಯುತ್ತದೆ ಎಂದು. ಮಾನದಲ್ಲಿ ಕೇಳಿದ್ದು, ಎಷ್ಟು ಬಾಗುತ್ತದೆ ಎಂದು. ಬೆತ್ತ ಬಾಗುತ್ತದೆ, ಮರ ಕಷ್ಟದಿಂದ ಬಾಗುತ್ತದೆ, ಕಲ್ಲು ಒಡೆದೀತೇ ಹೊರತು ಬಾಗದು. ಮಾಯೆಯಲ್ಲಿ ನೋಡಿದ್ದು ಸೊಟ್ಟತನ. ಬಿದಿರಿನ ಬುಡವನ್ನು ಅಗೆದು ನೋಡಿದವರಿಗೆ ಅದರ ಗಂಟು ಗೊತ್ತು. ಲೋಭದಲ್ಲಿ ನೋಡಿದ್ದು ಅಂಟು; ಅರಿಸಿನ ಬಿಸಿಲಿಗೆ ಹೋಗುತ್ತದೆ, ಮೈಯ ಕೊಳೆ ಸ್ನಾನಕ್ಕೆ ಹೋಗುತ್ತದೆ, ಗಾಲಿಯ ಮಸಿ ಬಟ್ಟೆಗೆ ಹತ್ತಿದರೆ ಎಷ್ಟು ಉಜ್ಜಿದರೂ ಅದರ ನೆರಳು ಉಳಿಯುತ್ತದೆ. ಈ ಹದಿನಾರರಲ್ಲಿ ಒಂದಾದರೂ ಧ್ವನಿಯ ಅಳತೆಯಲ್ಲ ಎಂಬುದನ್ನು ಗಮನಿಸಿರಿ. ಎಷ್ಟು ಜೋರಾಗಿ ಕೂಗಿದನೆಂದು ಆಚಾರ್ಯರು ಎಲ್ಲಿಯೂ ಕೇಳಲಿಲ್ಲ. ಕಲ್ಲಿನ ಮೇಲೆ ಗೆರೆ ಕೊರೆಯುವಾಗ ಹೆಚ್ಚು ಸದ್ದಾಗಬೇಕೆಂಬ ನಿಯಮವೂ ಇಲ್ಲ. ನೀರಿಗೆ ಕೋಲಿನಿಂದ ಹೊಡೆದರೆ ಆಗುವ ಸದ್ದೇ ಎಷ್ಟೋ ವೇಳೆ ದೊಡ್ಡದು.

ಅದೇ ಗ್ರಂಥದ ಕರ್ಮಕಾಂಡದಲ್ಲಿ ಇನ್ನೊಂದು ಮಾತು ಬರುತ್ತದೆ. ನಮ್ಮ ಪ್ರವಚನಗಳಲ್ಲಿ ಅದನ್ನು ಅಷ್ಟಾಗಿ ಹೇಳುವುದಿಲ್ಲ, ಬಹುಶಃ ಹೇಳುವವನಿಗೇ ಅದು ಚುಚ್ಚುವುದರಿಂದ. ಕಷಾಯಗಳಿಗೆ ವಾಸನಾಕಾಲವೆಂಬುದೊಂದಿದೆ. ಕೋಪ ಉಕ್ಕಿ ಇಳಿದ ಮೇಲೂ ಅದರ ಸಂಸ್ಕಾರ ಒಳಗೆ ಉಳಿಯುವ ಅವಧಿಯದು. ಇಂಗನ್ನು ತೆಗೆದ ಮೇಲೂ ಭರಣಿಯಲ್ಲಿ ಇಂಗಿನ ವಾಸನೆ ನಿಲ್ಲುತ್ತದೆಯಲ್ಲವೇ, ಹಾಗೆ. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ, ಎಂದರೆ ನಲವತ್ತೆಂಟು ನಿಮಿಷಗಳ ಒಳಗೆ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಆರು ತಿಂಗಳನ್ನೂ ಮೀರಿ ಭವಭವಾಂತರಗಳಿಗೆ ಹೋಗುವುದು ಅನಂತಾನುಬಂಧಿ.

ಈಗ ಈ ಲೆಕ್ಕವನ್ನು ನಮ್ಮ ವ್ರತಗಳ ಪಕ್ಕದಲ್ಲಿಟ್ಟು ನೋಡಿರಿ. ಅನಂತಾನುಬಂಧಿಯು ಸಮ್ಯಕ್ತ್ವವನ್ನು ಕೆಡಿಸುತ್ತದೆ. ಅಪ್ರತ್ಯಾಖ್ಯಾನಾವರಣವಿದ್ದರೆ ಅಣುವ್ರತಗಳು ನಿಲ್ಲವು. ಪ್ರತ್ಯಾಖ್ಯಾನಾವರಣವು ಮಹಾವ್ರತಕ್ಕೆ ಅಡ್ಡಿ. ಎಂದಮೇಲೆ ಅಣುವ್ರತಿಯಾದ ಶ್ರಾವಕನ ಒಳಗೆ ಯಾವ ಕೋಪದ ವಾಸನೆಯೂ ಒಂದು ಪಕ್ಷವನ್ನು ದಾಟಿ ಉಳಿಯಬಾರದು. ಹದಿನಾರನೆಯ ದಿನವೂ ಉಳಿದಿದ್ದರೆ ಅವನ ವ್ರತ ಹೊಟ್ಟೆಯವರೆಗೆ ಬಂದಿದೆ, ಒಳಕ್ಕೆ ಹೋಗಿಲ್ಲ. ಆರು ತಿಂಗಳ ಮೇಲೂ ಉಳಿದಿದ್ದರೆ ಸಂದೇಹ ವ್ರತದ ವಿಷಯಕ್ಕಲ್ಲ, ಸಮ್ಯಕ್ತ್ವದ ವಿಷಯಕ್ಕೇ ಬರುತ್ತದೆ. ಪಾಕ್ಷಿಕ ಪ್ರತಿಕ್ರಮಣವೆಂದು ಒಂದನ್ನು ಪ್ರತ್ಯೇಕವಾಗಿ ಇಟ್ಟಿರುವುದು ಬರಿಯ ಪಂಚಾಂಗದ ಅನುಕೂಲಕ್ಕಾಗಿ ಎಂದು ನನಗೆ ಈಗ ಅನಿಸುವುದಿಲ್ಲ.

ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ಲೇಶ್ಯೆಯ ತೀವ್ರತೆ ಮಂದತೆಗಳು ಬೇರೆ, ಅನಂತಾನುಬಂಧಿ ಮೊದಲಾದ ಭೇದಗಳು ಬೇರೆ. ನಾಲ್ಕನೆಯ ಗುಣಸ್ಥಾನದವರೆಗೂ ಆರು ಲೇಶ್ಯೆಗಳೂ ಸಂಭವಿಸುತ್ತವೆ. ಎಂದರೆ ಸಮ್ಯಗ್ದೃಷ್ಟಿಯಾದವನೂ ಒಮ್ಮೊಮ್ಮೆ ಕೃಷ್ಣಲೇಶ್ಯೆಯಲ್ಲಿರಬಹುದು. ಇತ್ತ ಮಿಥ್ಯಾದೃಷ್ಟಿಯಾದ ದ್ರವ್ಯಲಿಂಗಿ ಮುನಿ ಶುಕ್ಲಲೇಶ್ಯೆಯಿಂದ ಅತಿ ಶಾಂತನಾಗಿ, ಚರ್ಮ ಸುಲಿದರೂ ಕೋಪಿಸದೆ, ನವಗ್ರೈವೇಯಕದವರೆಗೆ ಹೋಗಬಹುದು. ಆದರೂ ಅವನ ಒಳಗೆ ಅನಂತಾನುಬಂಧಿ ಕುಳಿತೇ ಇರುತ್ತದೆ. ಹೊರಗಿನ ಶಾಂತತೆಯನ್ನು ನೋಡಿ ಪ್ರಮಾಣಪತ್ರ ಕೊಡುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಮೌನಿಯ ಪ್ರಶಂಸೆ ಮಾಡುವಾಗಲೂ, ಕೂಗುವವಳ ನಿಂದೆ ಮಾಡುವಾಗಲೂ ನಾವು ನೋಡುತ್ತಿರುವುದು ಬಣ್ಣವನ್ನು. ಬೇರು ಕಣ್ಣಿಗೆ ಕಾಣುವುದಿಲ್ಲ.

ಬಾಹುಬಲಿಸ್ವಾಮಿಯ ವಿಷಯದಲ್ಲಿಯೂ ಹೀಗೆಯೇ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಆತನ ಮೈಗೆ ಬಳ್ಳಿ ಹಬ್ಬಿತು, ಪಾದದ ಬಳಿ ಹುತ್ತ ಬೆಳೆಯಿತು. ಅನ್ನವಿಲ್ಲ, ಮಾತಿಲ್ಲ, ಮುಖದಲ್ಲಿ ಯಾವ ವಿಕಾರವೂ ಇಲ್ಲ. ಆದರೂ ಕೇವಲಜ್ಞಾನ ತಡೆದು ನಿಂತಿತು. ಮಾನದ ಕಲುಷ ಉಳಿದಿತ್ತೆಂದು ಕುಂದಕುಂದಾಚಾರ್ಯರ ಭಾವಪಾಹುಡ ಹೇಳುತ್ತದೆ. ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಎಣಿಕೆ ಉಳಿದಿತ್ತೆಂದು ಜಿನಸೇನಾಚಾರ್ಯರ ಮಹಾಪುರಾಣ ಹೇಳುತ್ತದೆ. ಯಾವುದಾದರೂ ಆಗಲಿ, ಹೊರಗೆ ಒಂದು ಎಳೆಯಷ್ಟೂ ಕಾಣದ ಭಾವ ಒಳಗೆ ವರ್ಷವಿಡೀ ಇತ್ತು. ಆತ ತದ್ಭವ ಮೋಕ್ಷಗಾಮಿ. ಭರತನು ಬಂದು ಪೂಜಿಸಿದಾಗ ಅದೂ ಹೋಯಿತು. ನಮ್ಮ ಮಾತು ಹಾಗಲ್ಲ.

ನಮ್ಮ ಮಾತಿಗೆ ಹತ್ತಿರವಾದದ್ದು ವಸಿಷ್ಠಮುನಿಯ ಕಥೆ. ಉಪವಾಸ ಮಾಡುವವರೆಲ್ಲ ವರ್ಷಕ್ಕೊಮ್ಮೆಯಾದರೂ ನೆನೆಯಬೇಕಾದ ಕಥೆಯಿದು. ಮೊದಲು ಪಂಚಾಗ್ನಿ ತಪಸ್ಸು ಮಾಡುತ್ತಿದ್ದ ಈ ತಾಪಸನು ಬೋಧೆ ಹೊಂದಿ ಜಿನದೀಕ್ಷೆ ಪಡೆದನು. ಮಥುರೆಯ ಬಳಿ ಒಂದು ತಿಂಗಳ ಉಪವಾಸವನ್ನು ಕೈಕೊಂಡನು. ಅರಸನಾದ ಉಗ್ರಸೇನನು ಭಕ್ತಿಯಿಂದ, "ಈ ಮಹಾತ್ಮರ ಪಾರಣೆ ನನ್ನ ಅರಮನೆಯಲ್ಲಿಯೇ ಆಗಬೇಕು, ನಗರದಲ್ಲಿ ಬೇರೆ ಯಾರೂ ಆಹಾರ ಕೊಡಕೂಡದು" ಎಂದು ಸಾರಿಸಿದನು. ಆ ಭಕ್ತಿಯೊಳಗೂ ಸ್ವಲ್ಪ ಮಾನವಿತ್ತು, ಸ್ವಲ್ಪ ಲೋಭವಿತ್ತು. ದಾನದ ಪುಣ್ಯವೆಲ್ಲ ತನಗೇ ಬರಲೆಂಬ ಲೋಭ. ಪಾರಣೆಯ ದಿನ ಮುನಿ ಬಂದನು. ಅಂದು ಅರಮನೆಯಲ್ಲಿ ಬೆಂಕಿಯ ಗಲಭೆ. ಯಾರೂ ಆತನನ್ನು ನೋಡಲಿಲ್ಲ. ಮುನಿ ಹಿಂದಿರುಗಿ ಮತ್ತೊಂದು ತಿಂಗಳು ಉಪವಾಸ ಮಾಡಿದನು. ಎರಡನೆಯ ಸಲ ಬಂದಾಗ ಪಟ್ಟದಾನೆ ಕಂಬ ಕಿತ್ತು ಓಡಿ, ಊರೆಲ್ಲ ಅದರ ಹಿಂದೆ. ಮತ್ತೊಂದು ತಿಂಗಳು. ಮೂರನೆಯ ಸಲ ಜರಾಸಂಧನ ಓಲೆ ಬಂದು ಅರಸನ ಚಿತ್ತ ಅದರಲ್ಲಿ ಮುಳುಗಿತ್ತು.

ಮೂರು ತಿಂಗಳ ಹಸಿವನ್ನು ವಸಿಷ್ಠನು ತಾಳಿದನು. ಒಂದು ಮಾತೂ ಆಡಲಿಲ್ಲ. ಬಳಲಿ ಹಿಂದಿರುಗುತ್ತಿದ್ದಾಗ ದಾರಿಯಲ್ಲಿ ಯಾರೋ ಒಬ್ಬ ಮರುಕದಿಂದ ಅಂದದ್ದು ಕಿವಿಗೆ ಬಿತ್ತು: ಈ ಅರಸ ತಾನೂ ಕೊಡುವುದಿಲ್ಲ, ಕೊಡುವವರನ್ನೂ ಬಿಡುವುದಿಲ್ಲ ಎಂದು. ಆ ಒಂದು ಮಾತಿಗೆ, ಮೂರು ತಿಂಗಳು ತಳದಲ್ಲಿ ಕುಳಿತಿದ್ದುದೆಲ್ಲ ಮೇಲೆದ್ದಿತು. ಆಗಲೂ ಅವನು ಕೂಗಲಿಲ್ಲ. ಅರಮನೆಯ ಬಾಗಿಲಿಗೆ ಹೋಗಿ ಶಪಿಸಲೂ ಇಲ್ಲ. ಮನಸ್ಸಿನಲ್ಲಿಯೇ ನಿದಾನ ಮಾಡಿಕೊಂಡನು: ನನ್ನ ತಪಸ್ಸಿಗೆ ಫಲವಿದ್ದರೆ ಇವನ ಮಗನಾಗಿ ಹುಟ್ಟಿ, ಇವನನ್ನು ಸೆರೆಯಲ್ಲಿಟ್ಟು ಈ ರಾಜ್ಯವನ್ನು ಆಳುವಂತಾಗಲಿ. ಪ್ರಾಣ ಹೋಯಿತು. ಉಗ್ರಸೇನನ ರಾಣಿಯ ಗರ್ಭದಲ್ಲಿ ಹುಟ್ಟಿದವನೇ ಕಂಸ. ಗರ್ಭದ ಕ್ರೂರ ಬಯಕೆಯನ್ನು ಕಂಡು ಹೆದರಿದ ತಂದೆತಾಯಿಗಳು ಮಗುವನ್ನು ಕಂಚಿನ ಪೆಟ್ಟಿಗೆಯಲ್ಲಿಟ್ಟು ಯಮುನೆಯಲ್ಲಿ ತೇಲಿಬಿಟ್ಟರು. ಬೆಳೆದು ಬಂದ ಮಗನು ತಂದೆಯನ್ನು ಸೆರೆಯಲ್ಲಿಟ್ಟನು.

ವಸಿಷ್ಠನು ಮೊದಲ ದಿನವೇ ಉಗ್ರಸೇನನ ಮುಂದೆ ನಿಂತು ಎರಡು ಕಠಿಣ ಮಾತುಗಳನ್ನಾಡಿಬಿಟ್ಟಿದ್ದರೆ? ಮುನಿಧರ್ಮಕ್ಕೆ ಅದು ದೋಷವೇ, ಪ್ರಾಯಶ್ಚಿತ್ತ ಬೇಕಾಗುತ್ತಿತ್ತು. ಆದರೆ ಅರಸ ಕಾಲಿಗೆ ಬೀಳುತ್ತಿದ್ದನು, ಗೆರೆ ಅಲ್ಲಿಗೆ ಅಳಿಯುತ್ತಿತ್ತು. ಪುರಾಣದ ಮೇಲೆ ಹೀಗೆ ಊಹೆ ಹೂಡುವುದು ಉಚಿತವಲ್ಲವೆಂದು ಹಿರಿಯರು ಆಕ್ಷೇಪಿಸಬಹುದು. ಆದರೂ ಆ ಕಥೆಯನ್ನು ಓದುವಾಗಲೆಲ್ಲ ನನಗೆ ಈ ಊಹೆ ಬರುತ್ತದೆ; ಅದಕ್ಕೆ ನನ್ನದೇ ಕಾರಣವಿದೆ.

ಒಳಗೆ ತಳವೂರಿದ ಕಷಾಯಕ್ಕೆ ಶಾಸ್ತ್ರದಲ್ಲಿ ಒಂದು ಒಳ್ಳೆಯ ಹೋಲಿಕೆ ಇದೆ. ಕೆಸರುನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಅದು ಉಪಶಮ. ಪಾತ್ರೆ ಅಲುಗಿದರೆ ಕೆಸರು ಮತ್ತೆ ಮೇಲಕ್ಕೆ. ಉಪಶಮ ಶ್ರೇಣಿಯಿಂದ ಹನ್ನೊಂದನೆಯ ಗುಣಸ್ಥಾನಕ್ಕೇರಿದ ಮುನಿಯೂ ಅಂತರ್ಮುಹೂರ್ತದಲ್ಲಿ ಕೆಳಗಿಳಿಯಲೇಬೇಕು. ತಿಳಿನೀರನ್ನು ಬೇರೆ ಪಾತ್ರೆಗೆ ಬಸಿದುಕೊಂಡರೆ ಅದು ಕ್ಷಯ, ಅಲ್ಲಿಂದ ಬೀಳುವುದಿಲ್ಲ. ಅಂಥ ಮಹಾಮುನಿಗಳ ಉಪಶಮದ ಹೆಸರನ್ನು ನಮ್ಮ ಗೃಹಸ್ಥರ ಬಿಗುಮೌನಕ್ಕೆ ಕೊಡುವುದು ಸಲ್ಲದು. ನಮ್ಮದು ಚಿಲ್ಲದ ಬೀಜವನ್ನೂ ಹಾಕದೆ ಪಾತ್ರೆಯ ಮೇಲೆ ಮುಚ್ಚಳವಿಟ್ಟಂತೆ. ಈ ಕಾಲದ ಮನಶ್ಶಾಸ್ತ್ರಜ್ಞರೂ ಇದನ್ನು ತಮ್ಮ ರೀತಿಯಲ್ಲಿ ಕಂಡಿದ್ದಾರೆ. ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ ಎಂಬ ಅಮೆರಿಕದ ವಿದ್ವಾಂಸರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವ ಹುಟ್ಟಿದ ಮೇಲೆ ಅದರ ಹೊರಚಿಹ್ನೆಯನ್ನಷ್ಟೇ ಅಡಗಿಸುವ ಅಭ್ಯಾಸವನ್ನೂ, ಸಂಗತಿಯನ್ನೇ ಬೇರೆ ದೃಷ್ಟಿಯಿಂದ ಕಂಡು ಭಾವವನ್ನು ಹಗುರ ಮಾಡಿಕೊಳ್ಳುವ ಅಭ್ಯಾಸವನ್ನೂ ಹೋಲಿಸಿದರು. ಜನರೊಡನೆ ಸುಲಭವಾಗಿ ಬೆರೆಯದ ಸ್ವಭಾವದವರಲ್ಲಿ ಮೊದಲನೆಯದು ಹೆಚ್ಚಾಗಿ ಕಂಡಿತು. ಹಾಗೆ ಅಡಗಿಸುವವರ ಒಳಗಿನ ಕಹಿ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಅವರ ಸಂತೋಷ. ಇಂಥ ಅಧ್ಯಯನಗಳು ಆತ್ಮನ ವಿಷಯಕ್ಕೆ ಹೋಗುವುದಿಲ್ಲ, ಭವಾಂತರದ ಲೆಕ್ಕ ಅವಕ್ಕಿಲ್ಲ. ಆದರೆ ಮುಚ್ಚಳದ ವಿಷಯದಲ್ಲಿ ಅವು ಕಂಡದ್ದು ನಾವು ಹೇಳುವುದಕ್ಕೆ ದೂರವಿಲ್ಲ.

ಹಾಗಾದರೆ ಮುಚ್ಚಳವನ್ನು ತೆಗೆಯುವ ಬಗೆ ಯಾವುದು? ಬೀದಿಯಲ್ಲಿ ಚೆಲ್ಲುವುದಲ್ಲ. ಅದಕ್ಕಾಗಿಯೇ ಅಂತರಂಗ ತಪಸ್ಸುಗಳಲ್ಲಿ ಪ್ರಾಯಶ್ಚಿತ್ತವನ್ನು ಮೊದಲನೆಯದಾಗಿಯೂ ಪ್ರಾಯಶ್ಚಿತ್ತದಲ್ಲಿ ಆಲೋಚನೆಯನ್ನು ಮೊದಲನೆಯದಾಗಿಯೂ ಇಟ್ಟಿದ್ದಾರೆ; ಗುರುವಿನ ಮುಂದೆ ತನ್ನ ದೋಷವನ್ನು ತಾನೇ ಹೇಳಿಕೊಳ್ಳುವುದು. ಆ ಆಲೋಚನೆಗೆ ಹತ್ತು ದೋಷಗಳನ್ನು ಭಗವತೀ ಆರಾಧನೆ ಎಣಿಸಿದೆ. ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. ಆದರೆ ಮನುಷ್ಯಸ್ವಭಾವವನ್ನು ಅಷ್ಟು ಹತ್ತಿರದಿಂದ ಕಂಡ ಪಟ್ಟಿ ಇನ್ನೊಂದಿರಲಾರದು. ಒಬ್ಬನು ಮೊದಲೇ ಗುರುವಿನ ಮನಸ್ಸನ್ನು ಕರಗಿಸಿ, ಶಿಕ್ಷೆ ಕಡಿಮೆಯಾಗುವಂತೆ ಮಾಡಿಕೊಂಡು ಹೇಳುತ್ತಾನೆ. ಇನ್ನೊಬ್ಬನು ಪರರು ಕಂಡ ತಪ್ಪನ್ನು ಮಾತ್ರ ಹೇಳುತ್ತಾನೆ. ಮತ್ತೊಬ್ಬನು ಸಣ್ಣದನ್ನು ಹೇಳಿ ದೊಡ್ಡದನ್ನು ಮರೆಸುತ್ತಾನೆ. ಇಷ್ಟು ಸಣ್ಣದನ್ನೂ ಬಿಡದವನು ದೊಡ್ಡದನ್ನು ಮುಚ್ಚಿಟ್ಟಾನೆಯೇ ಎಂದು ಗುರುಗಳು ಭಾವಿಸಲಿ ಎಂಬುದು ಅವನ ಎಣಿಕೆ. ಸೊಟ್ಟ ಸ್ವಭಾವ ತಪ್ಪೊಪ್ಪಿಗೆಯಲ್ಲಿಯೂ ಸೊಟ್ಟಾಗಿಯೇ ಹರಿಯುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಶಬ್ದಾಕುಲಿತವೆಂಬ ದೋಷ. ಪಾಕ್ಷಿಕ, ಚಾತುರ್ಮಾಸಿಕ ಸಂದರ್ಭಗಳಲ್ಲಿ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ದೋಷಗಳನ್ನು ಹೇಳಿಕೊಳ್ಳುತ್ತಿರುವ ಗದ್ದಲದಲ್ಲಿ, ಯಾರಿಗೂ ಸ್ಪಷ್ಟವಾಗಿ ಕೇಳಿಸದಂತೆ ತನ್ನದನ್ನೂ ಹೇಳಿ ಮುಗಿಸುವುದು.

ನಮ್ಮ ಕ್ಷಮಾವಣಿ ಈಗ ಏನಾಗಿದೆ ಎಂಬುದನ್ನು ನೋಡಿದರೆ ಈ ದೋಷದ ಅರ್ಥ ತಿಳಿಯುತ್ತದೆ. ಭಾದ್ರಪದ ಬಹುಳ ಪಾಡ್ಯದಂದು ಸಭೆಯಲ್ಲಿ ಎಲ್ಲರೂ ಕೈಮುಗಿದು ಎಲ್ಲರ ಕ್ಷಮೆ ಕೇಳುತ್ತೇವೆ. ಹಿಂದೆ ಅಚ್ಚಾದ ಕಾರ್ಡುಗಳನ್ನು ಅಂಚೆಗೆ ಹಾಕುತ್ತಿದ್ದೆವು. ಈಗ ಮೊಬೈಲಿನಲ್ಲಿ ಒಂದೇ ಸಂದೇಶವನ್ನು ನೂರು ಜನಕ್ಕೆ ಕಳುಹಿಸುತ್ತೇವೆ. ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿಗೆ ನಮ್ಮಿಂದ ಯಾವ ಅಪರಾಧವೂ ಆಗಿರುವುದಿಲ್ಲ. ಆ ನೂರನೆಯ ಒಬ್ಬರಿಗೂ ಅದೇ ಸಂದೇಶ ಹೋಗುತ್ತದೆ. ಅಲ್ಲಿಗೆ ಮುಗಿಯಿತೆಂದು ನಾವು ಸಮಾಧಾನಪಡುತ್ತೇವೆ.

ನಾನೂ ಹಾಗೆಯೇ ಹನ್ನೊಂದು ವರ್ಷ ಸಮಾಧಾನಪಟ್ಟವನು. ನಮ್ಮ ತಂದೆಯವರ ಕಾಲವಾದ ಮೇಲೆ ಅಡಿಕೆ ತೋಟ ಪಾಲಾಯಿತು. ಬಾವಿಯಿರುವ ಮೇಲಿನ ಭಾಗವನ್ನು ತಮ್ಮ ತೆಗೆದುಕೊಂಡ. ಅದು ನನಗೆ ಬರಬೇಕಾದದ್ದೆಂದು ನನ್ನ ಎಣಿಕೆ. ಆದರೆ ಪಂಚರ ಮುಂದೆ ನಾನು ಒಂದು ಮಾತೂ ಆಡಲಿಲ್ಲ. "ಅಣ್ಣನೆಂದರೆ ಹೀಗಿರಬೇಕು" ಎಂದು ಎಲ್ಲರೂ ಹೊಗಳಿದರು. ಅಕ್ಕನೊಬ್ಬಳು ಅಂಗಳದಲ್ಲಿ ನಿಂತು ತಮ್ಮನಿಗೆ ಬಾಯಿಗೆ ಬಂದಂತೆ ಬೈದಳು. ಅಂದು ಸಂಜೆ ಹೊತ್ತು ಮುಳುಗುವುದಕ್ಕೆ ಮೊದಲು ಅದೇ ತಮ್ಮನ ಮನೆಗೆ ಕಡುಬು ಕಳುಹಿಸಿದಳು. ನಾನು ಅದನ್ನು ಅವಳ ಚಂಚಲ ಬುದ್ಧಿಯೆಂದುಕೊಂಡೆ.

ಆ ಹನ್ನೊಂದು ವರ್ಷಗಳಲ್ಲಿ ತಮ್ಮನ ಮನೆಯ ಎಲ್ಲ ಶುಭಕಾರ್ಯಗಳಿಗೂ ಹೋದೆ, ನಗುಮುಖದಿಂದ ಕುಳಿತೆ. ತೋಟದ ಮೇಲಿನ ಭಾಗಕ್ಕೆ ಮಾತ್ರ ಕಾಲಿಡಲಿಲ್ಲ. ಅಷ್ಟಮಿ ಚತುರ್ದಶಿಗಳ ಉಪವಾಸ ತಪ್ಪಲಿಲ್ಲ. ಬಸದಿಯಲ್ಲಿ ಉತ್ತಮ ಕ್ಷಮೆಯ ಮೇಲೆ ನಾನೇ ಉಪನ್ಯಾಸ ಮಾಡಿದ್ದೇನೆ, ಎರಡು ಸಲ. ಮೂರನೆಯ ಸಲಕ್ಕೆ ಸಿದ್ಧನಾಗುತ್ತಿದ್ದಾಗ ಕರ್ಮಕಾಂಡದ ವಾಸನಾಕಾಲದ ಭಾಗವನ್ನು ತೆರೆದೆ. ಒಂದು ಪಕ್ಷ, ಆರು ತಿಂಗಳು, ಅದರಾಚೆ. ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಬೆರಳು ಮಡಿಸಿ ಎಣಿಸುವ ಅಗತ್ಯವಿರಲಿಲ್ಲ.

ಆ ವರ್ಷದ ಅನಂತ ಚತುರ್ದಶಿಯ ಉಪವಾಸದಂದು ಅಕ್ಕ ನಮ್ಮ ಮನೆಯಲ್ಲಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಮೊದಲ ಬಾರಿಗೆ ಸದ್ದಿಲ್ಲದೆ ಕುಳಿತು, "ನಿನಗೆ ಬಾಯಿಲ್ಲದಿದ್ದುದು ಅವನಿಗೂ ಕಷ್ಟವೇ ಕಣೋ. ಬೈದಿದ್ದರೆ ಅವನು ಉತ್ತರವನ್ನಾದರೂ ಕೊಡುತ್ತಿದ್ದ" ಎಂದಳು.

ಪಾಡ್ಯದ ದಿನ ಸಭೆಗೆ ಹೋಗದೆ ತಮ್ಮನ ಮನೆಗೆ ಹೋದೆ. ಅವನು ಚಾವಡಿಯಲ್ಲಿ ಅಡಿಕೆಯ ಲೆಕ್ಕ ಬರೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಬಾವಿಯ ವಿಷಯವನ್ನು ಹೆಸರಿಟ್ಟು ಹೇಳಿದೆ. ಹನ್ನೊಂದು ವರ್ಷದಿಂದ ನಿನ್ನ ಮೇಲೆ ಕೋಪವಿಟ್ಟುಕೊಂಡಿದ್ದೇನೆ, ಕ್ಷಮಿಸು ಎಂದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿ ಕೇಳಿತು. ಸ್ವಲ್ಪ ಜೋರಾಗಿಯೇ ಇತ್ತೆಂದು ತೋರುತ್ತದೆ, ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಆ ಬಾವಿ ಮಾಘ ಕಳೆದರೆ ಬತ್ತಲು ಶುರುವಾಗಿ ಆರು ವರ್ಷವಾಯಿತು. ನೀನು ಆ ಕಡೆ ಬರಲೇ ಇಲ್ಲವಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ನಿನಗೆ ಸಂತೋಷವಾದೀತೆಂದು ಹೇಳಲಿಲ್ಲ" ಎಂದ.

ಇಬ್ಬರೂ ತೋಟಕ್ಕ ಹೋಗಿ ಬಾವಿಯನ್ನು ಬಗ್ಗಿ ನೋಡಿದೆವು. ಮಳೆಗಾಲವಾದ್ದರಿಂದ ನೀರಿತ್ತು.

ನನ್ನ ಕಷಾಯ ಅಂದೇ ಕರಗಿಹೋಯಿತೆಂದು ಹೇಳಿದರೆ ಆಲೋಚನೆಯ ಹನ್ನೊಂದನೆಯ ದೋಷವನ್ನು ನಾನೇ ಹೊಸದಾಗಿ ಮಾಡಿದಂತಾದೀತು. ಸ್ವಭಾವ ಒಂದು ದಿನಕ್ಕೆ ಬಿಡುವುದಿಲ್ಲ. ಇಂದಿಗೂ ಯಾರಾದರೂ ನನ್ನ ಮಾತನ್ನು ಕಡೆಗಣಿಸಿದರೆ ಮುಖ ಹಾಗೆಯೇ ಇರುತ್ತದೆ, ಒಳಗೆ ಗೆರೆ ಬೀಳುತ್ತದೆ. ಈಗ ಅದಕ್ಕೊಂದು ನಿಯಮ ಮಾಡಿಕೊಂಡಿದ್ದೇನೆ. ಗೆರೆ ಬಿದ್ದ ತಿಥಿಯನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕುತ್ತೇನೆ. ಮುಂದಿನ ಚತುರ್ದಶಿಯ ಉಪವಾಸಕ್ಕೆ ಕೂರುವ ಮೊದಲು ಆ ಮನುಷ್ಯನ ಮನೆಗೆ ಹೋಗಿ ವಿಷಯವನ್ನು ಹೆಸರಿಟ್ಟು ಹೇಳಿ ಬರುತ್ತೇನೆ. ಆಮೇಲೆ ಒಳಗೆ ವಾಸನೆ ಎಂದು ಹೋಯಿತೆಂಬುದನ್ನೂ ಗುರುತು ಮಾಡುತ್ತೇನೆ. ಹೋದ ವರ್ಷ ಒಮ್ಮೆ ಹದಿಮೂರು ದಿನಗಳಾದುವು. ಈ ಸಲ ಒಂಬತ್ತು.